ಇಪ್ಪತ್ತೆಂಟರಿಂದ ಮೂವತ್ತೊಂಬತ್ತು

"ಗುರುತು ಬರೆದೋರೇ ಜೊತೆಗಿದ್ದಾರಲ್ಲ ಮೇಡಂ, ಈ ಸಲ ದಾರಿ ತಪ್ಪಬೇಕಂದ್ರೂ ನೀವೇ ಕಷ್ಟಪಡಬೇಕು," ಎಂದು ಗೇಟಿನ ಕಾವಲುಗಾರ ರಿಜಿಸ್ಟರನ್ನು ತಿರುಗಿಸಿ ಅಕ್ಕನ ಮುಂದಿಟ್ಟ.

ಅಕ್ಕ ನಕ್ಕಳು. ಒಂದು ವರ್ಷದಿಂದ ಅವಳು ಇಂಥ ಮಾತಿಗೆಲ್ಲ ಹೀಗೇ ನಗುತ್ತಿದ್ದಳು. ತುಟಿ ಮಾತ್ರ ನಗುತ್ತಿತ್ತು, ಕಣ್ಣು ಬೇರೆಲ್ಲೋ ಕೆಲಸದಲ್ಲಿರುತ್ತಿತ್ತು. ಹಿಂದೆ ನಿಂತಿದ್ದ ತಮ್ಮ ನಗಲಿಲ್ಲ. ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಅದು ಆಗಲೇ ಕಟ್ಟಿತ್ತು.

ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಅಕ್ಕನೇ ಬರೆದಳು. ಅದು ಇಂದು ನಿನ್ನೆಯ ಅಭ್ಯಾಸವಲ್ಲ. ತಮ್ಮನನ್ನು ಶಾಲೆಗೆ ಸೇರಿಸಿದ ದಿನದಿಂದ ಹಿಡಿದು ಅವನ ಮದುವೆಯ ನೋಂದಣಿಯವರೆಗೆ ಎಲ್ಲಿ ಅರ್ಜಿ ತುಂಬಬೇಕಿದ್ದರೂ ಪೆನ್ನು ಅವಳ ಕೈಯಲ್ಲೇ ಇರುತ್ತಿತ್ತು. ಊರಿನ ಅರ್ಧ ಬೋರ್ಡುಗಳನ್ನು ಬರೆದ ಪೇಂಟರ್ ಅವನು. ಔಷಧಿ ಅಂಗಡಿ, ಬಸ್ ನಿಲ್ದಾಣ, 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಲ್ಲವೂ ಅವನ ಕೈಯವೇ. ಆದರೂ ಸ್ವಂತ ಹೆಸರನ್ನು ಬರೆಯಲು ಅಕ್ಕ ಬೇಕು ಎಂದು ಅವನ ಹೆಂಡತಿ ಹಂಗಿಸುತ್ತಿದ್ದಳು. ಹಂಗಿಸಿದರೇನು, ಅವನಿಗೆ ಅಕ್ಷರ ತಿದ್ದಿಸಿದವಳೇ ಅಕ್ಕ. ಅವನ ಬೋರ್ಡಿನಲ್ಲಿ ಕಾಣುವ ದುಂಡು ಅಕ್ಷರ ಮೊದಲು ಅವಳ ಸೀಮೆಸುಣ್ಣದಲ್ಲಿದ್ದದ್ದು.

ಬರೆದಾದ ಮೇಲೆ ಅಕ್ಕ ಪುಟಗಳನ್ನು ಹಿಂದಕ್ಕೆ ತಿರುವಿದಳು. ಹೋದ ವರ್ಷದ ಸಾಲು ಸಿಕ್ಕಿತು. ಒಳಗೆ ಹೋದ ಸಮಯ ಎಂಟು ಹತ್ತು. ಹೊರಗೆ ಬಂದ ಸಮಯ ಖಾಲಿ. ಷರಾ ಎಂಬ ಕೊನೆಯ ಅಂಕಣದಲ್ಲಿ ಕಾವಲುಗಾರನ ಕೈಬರಹದಲ್ಲಿ 'ದಾರಿ ತಪ್ಪಿದರು' ಎಂದಿತ್ತು. ಅದನ್ನು ಒಂದು ಸಲ ಓದಿ, ಪುಸ್ತಕ ಮುಚ್ಚಿ, "ನಡಿ ಮರಿ," ಎಂದಳು. ನಲವತ್ತೇಳು ವರ್ಷದ ಗಂಡಸಿಗೆ ಮರಿ ಎಂದದ್ದು ಕೇಳಿ ಕಾವಲುಗಾರ ಮೀಸೆಯಡಿ ನಕ್ಕ.

ಗೇಟಿನ ಪಕ್ಕದ ಬೋರ್ಡು ಕೂಡ ಪೇಂಟರನದೇ. ಸುತ್ತುದಾರಿ. ಒಂಬತ್ತು ಕಿಲೋಮೀಟರ್. ನಾಲ್ಕು ಗಂಟೆ. ಕಷ್ಟ: ಸಾಧಾರಣ. ಕಾಡಿನೊಳಗೆ ಏರಿ, ಬೆಟ್ಟದ ತಲೆಯ ಮೇಲಿನ ಹುಲ್ಲುಗಾವಲನ್ನು ದಾಟಿ, ಆಚೆ ಬದಿಯ ಕಾಡಿನಲ್ಲಿ ಇಳಿದು ಮತ್ತೆ ಇದೇ ಗೇಟಿಗೆ ಬರುವ ದಾರಿ. ಅರಣ್ಯ ಕಚೇರಿಯವರು ಹೋದ ವರ್ಷ ಹೊಸದಾಗಿ ತೆರೆದದ್ದು. ನೂರು ನೂರೈವತ್ತು ಮೀಟರಿಗೊಂದು ಹಳದಿ ಪಟ್ಟಿ, ಪಟ್ಟಿಯ ಕೆಳಗೆ ಒಂದು ಸಂಖ್ಯೆ. ಕಾಡಿನಲ್ಲಾದರೆ ಮರದ ಮೇಲೆ, ಹುಲ್ಲುಗಾವಲಿನಲ್ಲಿ ಮರಗಳಿಲ್ಲವಾದ್ದರಿಂದ ಕಂಬ ನೆಟ್ಟು ಕಂಬದ ಮೇಲೆ. ಒಟ್ಟು ಅರವತ್ತೊಂದು.

ಆ ದಾರಿ ತೆರೆದ ತಿಂಗಳಲ್ಲೇ ಅಕ್ಕ ಒಬ್ಬಳೇ ಹೊರಟಿದ್ದಳು. ಅವಳು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಟೀಚರ್. ಮಕ್ಕಳನ್ನು ಕರೆದೊಯ್ಯುವ ಮೊದಲು ತಾನೊಮ್ಮೆ ನಡೆದು ನೋಡಬೇಕು ಎಂಬುದು ಅವಳ ಲೆಕ್ಕ. ಹುಲ್ಲುಗಾವಲಿಗೆ ಬಂದಾಗ ಮಂಜು ಇಳಿಯಿತು. ಮುಂದಿನ ಗುರುತು ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಹಳ್ಳದ ಕಡೆ ಇಳಿದು, ಜಾರಿ ಬಿದ್ದು, ಕಾಲಿನ ಮೂಳೆ ಮುರಿದುಕೊಂಡು, ಸಂಜೆ ಹುಲ್ಲು ಕೊಯ್ಯುವ ಹೆಂಗಸರ ಕಣ್ಣಿಗೆ ಬಿದ್ದಳು. ಅವರು ಅವಳನ್ನು ಕಂಬಳಿಯಲ್ಲಿ ಹೊತ್ತು ತಂದರು.

ಕಾಲು ಆರು ವಾರಕ್ಕೆ ಕೂಡಿಕೊಂಡಿತು. ಕೂಡಿಕೊಳ್ಳದ್ದು ಬೇರೆ ಇತ್ತು. ಭೂಗೋಳದ ಟೀಚರಿಗೇ ದಾರಿ ತಪ್ಪಿತು ಎಂಬ ಸುದ್ದಿಗೆ ಊರಿನಲ್ಲಿ ರೆಕ್ಕೆ ಬಂತು, ಆಮೇಲೆ ಬಾಲವೂ ಬಂತು. 'ದಿಕ್ಸೂಚಿ ಟೀಚರ್' ಎಂಬ ಹೆಸರು ಹುಟ್ಟಿತು. ಹುಡುಗರು ಕಪ್ಪುಹಲಗೆಯ ಮೇಲೆ ಬಾಣ ಬರೆದು, 'ಸ್ಟಾಫ್ ರೂಮ್ ಈ ಕಡೆ' ಎಂದು ಬರೆದಿಟ್ಟರು.

ಮೊದಲ ಏರಿನಲ್ಲಿ ಅಕ್ಕ ಮಾತಾಡುತ್ತಲೇ ಇದ್ದಳು. ಜರಿಗಿಡಗಳನ್ನು ತೋರಿಸಿದಳು, ಪಾಚಿ ಮರದ ಯಾವ ಬದಿಗೆ ದಟ್ಟವಾಗಿ ಬೆಳೆಯುತ್ತದೆ ಎಂದು ಹೇಳಿದಳು, ಹೆಡ್‌ಮಾಸ್ಟರ್ ಹೊಸದಾಗಿ ಹಚ್ಚಿಕೊಳ್ಳುತ್ತಿರುವ ಕೂದಲ ಬಣ್ಣಕ್ಕಿಂತ ನಿನ್ನ ಮರದ ಬಣ್ಣವೇ ಚೆನ್ನಾಗಿ ನಿಂತಿದೆಯಲ್ಲೋ ಎಂದಳು. ಪೇಂಟರ್ ಹೂಂಗುಟ್ಟಿದ. ಪ್ರತಿ ಗುರುತಿನ ಬಳಿಯೂ ಅವಳು ನಿಂತು, ಹಾಜರಿ ಕರೆಯುವವಳ ಹಾಗೆ ಸಂಖ್ಯೆಯನ್ನು ಜೋರಾಗಿ ಓದುತ್ತಿದ್ದಳು. ಹನ್ನೆರಡು. ಹದಿಮೂರು. ಒಂದೊಂದು ಸಂಖ್ಯೆಗೂ ಅವನು ಇಪ್ಪತ್ತೆಂಟಕ್ಕೆ ಇನ್ನೆಷ್ಟು ಉಳಿದಿದೆ ಎಂದು ಎಣಿಸುತ್ತಿದ್ದ.

ಹದಿನಾರನೆಯ ಗುರುತಿನ ಹತ್ತಿರ ಮರದ ಸೇತುವೆ. ಅಲ್ಲಿ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತ ಅವಳು ಬಂದ ಕಾರಣವನ್ನು ಹೇಳಿದಳು.

"ಬ್ಯಾಗಲ್ಲಿ ಒಂದು ಕಾಗದ ಇದೆ ಕಣೋ. ರಾಜೀನಾಮೆ. ಸೋಮವಾರ ಕೊಡಬೇಕು ಅಂತಿದೀನಿ. ಅದಕ್ಕೆ ಮುಂಚೆ ಒಂದು ಸಲ ಆ ಬಯಲು ನೋಡಬೇಕು."

"ರಿಟೈರ್ ಆಗೋಕೆ ಇನ್ನೂ ಎರಡು ವರ್ಷ ಇದೆಯಲ್ಲಕ್ಕ."

"ಇದ್ರೆ? ನಲವತ್ತು ಮಕ್ಕಳನ್ನ ನನ್ನ ಹಿಂದೆ ಕಳಿಸ್ತಾರೆ. ಅಲ್ಲಿ ಕಂಬಗಳು ಇದ್ದೂ ನನಗೆ ಕಾಣಲಿಲ್ಲ ಅಂದ್ರೆ, ಅದು ಮಂಜಲ್ಲ. ನನ್ನ ತಲೆ."

ಪೇಂಟರ್ ಲೋಟದ ತಳವನ್ನೇ ನೋಡುತ್ತ ಕುಳಿತ. ಅವರ ಅಮ್ಮನಿಗೆ ಕೊನೆಯ ಆರು ವರ್ಷ ಏನೂ ನೆನಪಿರಲಿಲ್ಲ. ಶುರುವಾದದ್ದು ಹೀಗೇ, ಎದುರಿಗಿದ್ದ ವಸ್ತು ಕಾಣದೆ ಹೋಗುವುದರಿಂದ. ಕೈಯಲ್ಲೇ ಹಿಡಿದುಕೊಂಡ ಬೀಗದ ಕೈಯನ್ನು ಮನೆಯೆಲ್ಲ ಹುಡುಕುತ್ತಿದ್ದಳು. ಕೊನೆಗೆ ಮಗನನ್ನೇ ಹಾಲಿನವನು ಅಂದುಕೊಂಡು, ನಾಳೆಯಿಂದ ಅರ್ಧ ಲೀಟರ್ ಸಾಕು ಎಂದಿದ್ದಳು. ಅಕ್ಕ ಬಿದ್ದ ಮರುದಿನ ಆಸ್ಪತ್ರೆಯ ಹಾಸಿಗೆಯಿಂದ ಕೇಳಿದ ಮೊದಲ ಪ್ರಶ್ನೆ, "ಮರಿ, ಬಯಲಲ್ಲಿ ಕಂಬ ಇತ್ತಲ್ವಾ?" ಎಂಬುದು. ಅವನು, "ಇತ್ತಲ್ಲಕ್ಕ," ಎಂದಿದ್ದ. ಅವಳು ಗೋಡೆಯ ಕಡೆ ಮಗ್ಗುಲಾದಳು. ತಮ್ಮ ಬರೆದ ಗುರುತು ಅಲ್ಲಿ ಇಲ್ಲದೆ ಇರಬಹುದು ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಅದರ ಬದಲು ಅವಳು ತನ್ನನ್ನೇ ಅನುಮಾನಿಸಿದಳು.

ಇದ್ದ ಸಂಗತಿ ಇಷ್ಟೇ. ಇಪ್ಪತ್ತೇಳನೆಯ ಗುರುತು ಕಾಡಿನ ಅಂಚಿನ ಕೊನೆಯ ಮರದ ಮೇಲಿದೆ. ಅಲ್ಲಿಂದಾಚೆ ಬಯಲು. ಕೆಲಸದ ಆ ದಿನ ಜಡಿ ಮಳೆ ಹಿಡಿದಿತ್ತು, ಸೊಂಟ ಹಿಡಿದಿತ್ತು, ಗುಂಡಿ ತೋಡಲು ಬರಬೇಕಾದ ಆಳು ಬರಲಿಲ್ಲ. ಪಟ್ಟಿ ಹಚ್ಚಿ ಸಿದ್ಧವಾಗಿದ್ದ ಹನ್ನೆರಡು ಕಂಬಗಳನ್ನು ಪೇಂಟರ್ ಒಂದು ಬಂಡೆಯ ಸಂದಿಯಲ್ಲಿ ಟಾರ್ಪಾಲಿನ್ ಹೊದಿಸಿ ಮಲಗಿಸಿದ. ಬಯಲು ಬಟಾಬಯಲು, ಈ ತುದಿಯಿಂದ ಆ ತುದಿ ಕಾಣುತ್ತದೆ, ಇಲ್ಲಿ ಯಾವ ಪುಣ್ಯಾತ್ಮ ದಾರಿ ತಪ್ಪುತ್ತಾನೆ ಅಂದುಕೊಂಡ. ಆಮೇಲೆ ನೆಟ್ಟರಾಯಿತು ಎಂದು ಬಯಲು ದಾಟಿ, ಆಚೆ ಅಂಚಿನ ಮೊದಲ ಮರಕ್ಕೆ ನಲವತ್ತು ಎಂದು ಬರೆದು ಮುಂದುವರಿದ. ಕಚೇರಿಯವರು ಕೊನೆಯ ಸಂಖ್ಯೆ ಅರವತ್ತೊಂದು ಎಂಬುದನ್ನು ನೋಡಿ ಕೆಲಸ ಮುಗಿದಿದೆ ಎಂದು ಸಹಿ ಹಾಕಿದರು. ಆಮೇಲೆ ಎಂಬುದು ಬರುವ ಮೊದಲೇ ಅಕ್ಕ ಬಂದಳು.

ಅವಳು ಆಸ್ಪತ್ರೆಯಲ್ಲಿರುವಾಗ ಅವನು ಎರಡು ದಿನ ಒಬ್ಬನೇ ಮೇಲೆ ಹೋಗಿ ಹನ್ನೆರಡೂ ಕಂಬ ನೆಟ್ಟ. ಅಷ್ಟೇ ಮಾಡಿದ್ದರೆ ಒಂದು ಮಾತು. ಹೊಸ ಹಳದಿ ಬಣ್ಣ ಮೈಲಿ ದೂರಕ್ಕೆ ಹೊಳೆಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯ ಭಯ ಅವನದು. ಇಪ್ಪತ್ತೈದು ವರ್ಷ ಬಣ್ಣದ ಜೊತೆ ಬದುಕಿದವನಿಗೆ ಬಣ್ಣವನ್ನು ಮುದಿಮಾಡುವುದು ಎಷ್ಟರ ಕೆಲಸ? ಹಳದಿಗೆ ಚೂರು ಕಪ್ಪು ಬೆರೆಸಿ ಮೇಲೊಂದು ಮಂಕು ಪದರ ಎಳೆದ. ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಉಜ್ಜಿದ. ಬುಡಕ್ಕೆ ಒದ್ದೆ ಪಾಚಿ ಬಳಿದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಬೋರ್ಡನ್ನೂ ಬರೆದಿರಲಿಲ್ಲ.

ಸೇತುವೆಯ ಮೇಲೆ ಅವನು ಬಾಯಿ ತೆರೆದ. "ಅಕ್ಕ, ಮಂಜಲ್ಲಿ ಯಾರಿಗೂ ಏನೂ ಕಾಣಲ್ಲ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ನಾನು ಕೈ ಚಾಚಿಕೊಂಡು ನಡೆದಿದ್ದೆ ಕಣೋ, ಕುರುಡರ ಹಾಗೆ. ಒಂದಾದ್ರೂ ಕೈಗೆ ತಾಗಬೇಕಿತ್ತು," ಎಂದು ಅವಳು ಎದ್ದಳು.

ಮುಂದಿನ ಏರು ಕಡಿದು. ಅಕ್ಕನ ಕುಂಟು ಅಲ್ಲಿ ಸ್ವಲ್ಪ ಕಾಣಿಸಿತು. ಪ್ರತಿ ತಿರುವಿಗೂ ಅವನು, ಆ ಬಂಡೆಯ ಹತ್ತಿರ ಹೇಳುತ್ತೇನೆ, ಆ ಬಿದ್ದ ಮರ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಬಂಡೆ ಬಂತು, ಹೋಯಿತು. ಮರವೂ ಬಂತು. ಅದರ ಮೇಲೆ ಹತ್ತಿ ಅಕ್ಕನಿಗೆ ಕೈ ಕೊಟ್ಟು ದಾಟಿಸಿದ. "ನೀನಿದ್ದೀಯ ಅಂತ ಧೈರ್ಯ," ಎಂದಳು ಅವಳು.

ಇಪ್ಪತ್ತೇಳರ ಮರವನ್ನು ಅವಳು ದೂರದಿಂದಲೇ ಗುರುತಿಸಿದಳು. "ಇದು ನೆನಪಿದೆ. ಎರಡು ಕವಲು, ಮಧ್ಯೆ ಗಂಟು. ಇಲ್ಲಿವರೆಗೆ ಎಲ್ಲಾ ನೆನಪಿದೆ ನನಗೆ." ಮರದ ಕಾಂಡದ ಮೇಲೆ ಕೈಯಿಟ್ಟು, ಉಸಿರೆಳೆದುಕೊಂಡು, ಬಯಲಿಗೆ ಕಾಲಿಟ್ಟಳು.

ಮಂಜಿನ ಸುಳಿವೇ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲು ಗಾಳಿಗೆ ಒಂದೇ ಕಡೆ ಬಾಗಿತ್ತು, ನಡುನಡುವೆ ಬಿಳಿ ಪುಟ್ಟ ಹೂಗಳಿದ್ದವು. ಆ ಹುಲ್ಲಿನ ನಡುವೆ, ಒಂದರ ಹಿಂದೆ ಒಂದು, ಶಾಲೆಯ ಸಾಲಿನಲ್ಲಿ ನಿಂತ ಮಕ್ಕಳ ಹಾಗೆ ಹನ್ನೆರಡು ಕಂಬಗಳು ನಿಂತಿದ್ದವು.

ಅಕ್ಕ ಅವನ್ನು ಒಂದೊಂದಾಗಿ ಕಣ್ಣಿನಲ್ಲೇ ಎಣಿಸಿದಳು. ಆಮೇಲೆ ಇಪ್ಪತ್ತೆಂಟರ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬುಡದ ಪಾಚಿಯನ್ನು ಮುಟ್ಟಿದಳು, ಮಂಕಾದ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಹಳೇ ಕಂಬ," ಎಂದಳು. ಯಾರಿಗೋ ಉತ್ತರಿಸುವವಳಂತೆ.

ಇಪ್ಪತ್ತೊಂಬತ್ತಕ್ಕೆ ಹೋದಳು. ಮೂವತ್ತಕ್ಕೆ ಹೋದಳು. ಸಂಖ್ಯೆಗಳನ್ನು ಈಗ ಜೋರಾಗಿ ಓದುತ್ತಿರಲಿಲ್ಲ, ಪ್ರತಿಯೊಂದನ್ನೂ ಒಮ್ಮೆ ಮುಟ್ಟಿ ಮುಂದೆ ಹೋಗುತ್ತಿದ್ದಳು. ಪೇಂಟರ್ ನಾಲ್ಕು ಹೆಜ್ಜೆ ಹಿಂದೆ ನಡೆದ. ಮೂವತ್ತೆರಡರ ಬಳಿ ಅವಳು ಹುಲ್ಲಿನ ಮೇಲೆ ಕುಳಿತು, ಬ್ಯಾಗಿನಿಂದ ಕಿತ್ತಳೆ ತೆಗೆದು ಸಿಪ್ಪೆ ಸುಲಿದು, ಅರ್ಧವನ್ನು ಅವನಿಗೆ ಕೊಟ್ಟಳು. ಮುಖದಲ್ಲಿ ಅಳುವಿರಲಿಲ್ಲ. ಲೆಕ್ಕ ಮುಗಿಸಿ ಉತ್ತರದ ಕೆಳಗೆ ಗೆರೆ ಎಳೆದವರ ಮುಖ ಹಾಗಿರುತ್ತದೆ.

"ಒಂದು ಮಾತು ಕೊಡು ಮರಿ. ಮುಂದೆ ನಾನು ಒಂದೇ ಪ್ರಶ್ನೇನ ಹತ್ತು ಸಲ ಕೇಳ್ತೀನಿ. ಬಯ್ಯಬೇಡ. ಅಮ್ಮಂಗೆ ನಾವು ಬಯ್ದಿದ್ವಿ."

ಕಿತ್ತಳೆಯ ತೊಳೆ ಅವನ ಕೈಯಲ್ಲೇ ಉಳಿಯಿತು.

"ಕಂಬ ಇರಲಿಲ್ಲ ಅಕ್ಕ."

"ಏನು?"

"ಅವತ್ತು ಇಲ್ಲಿ ಒಂದು ಕಂಬವೂ ಇರಲಿಲ್ಲ. ನೀನು ಬಿದ್ದ ಮೇಲೆ ನೆಟ್ಟಿದ್ದು. ನಾನೇ."

ಅಕ್ಕ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟು ಬರುತ್ತದೆ ಎಂದು ಅವನು ಕಾದ. ಬಂದದ್ದು ಕರುಣೆ. ಅವನ ಮೊಣಕೈ ತಟ್ಟಿ, "ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ಕಣೋ," ಎಂದಳು. "ಕಣ್ಣೆದುರಿಗೇ ಇದೆಯಲ್ಲ. ಎಷ್ಟು ಹಳೇದು ನೋಡು."

ಇದನ್ನು ಅವನು ಎಣಿಸಿಯೇ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವುದೇ ಕಷ್ಟ ಅಂದುಕೊಂಡಿದ್ದ. ಒಪ್ಪಿಕೊಂಡರೂ ನಂಬದೆ ಹೋಗುವಷ್ಟು ಚೆನ್ನಾಗಿ ಸುಳ್ಳನ್ನು ನೆಟ್ಟಿದ್ದ. ಅವನು ಎದ್ದು ಜೇಬಿನಿಂದ ಮನೆಯ ಬೀಗದ ಕೈ ತೆಗೆದ. ಮೂವತ್ತೆರಡರ ಪಟ್ಟಿಯ ಮೇಲೆ ಒತ್ತಿ ಹೆರೆದ. ಮಂಕು ಬಣ್ಣ ಹೊಟ್ಟಿನ ಹಾಗೆ ಉದುರಿತು. ಅದರಡಿಯಿಂದ ಹೊಚ್ಚಹೊಸ ಹಳದಿ ಒಂದು ಬೆರಳಗಲ ಇಣುಕಿತು. ಮೂವತ್ತಮೂರಕ್ಕೆ ಹೋಗಿ ಹೆರೆದ. ಅಲ್ಲೂ ಅದೇ. ಬುಡದ ಪಾಚಿಯನ್ನು ಉಗುರಿನಿಂದ ಎಬ್ಬಿಸಿ ಒಣ ಸಿಪ್ಪೆಯ ಹಾಗೆ ಎತ್ತಿ ತೋರಿಸಿದ. ಮಾಡಿದ ಪ್ರತಿಯೊಂದನ್ನೂ, ಮಳೆಯಿಂದ ಹಿಡಿದು ಸ್ಯಾಂಡ್‌ಪೇಪರಿನವರೆಗೆ, ಕಂಬದ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಂಬಕ್ಕೇ ಹೇಳಿದ. ಅಕ್ಕನ ಮುಖಕ್ಕೆ ಹೇಳಲಾಗಲಿಲ್ಲ.

ಅವಳು ಎದ್ದು ಬಂದು ಆ ಹೊಸ ಹಳದಿಯನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು.

"ತಲೆ ಡಾಕ್ಟರ್ ಹತ್ರ ನನ್ನ ಜೊತೆ ಬಂದಿದ್ದು ನೀನೇ ಅಲ್ವಾ?"

"ಹೂಂ."

"ಅವರು ಗಡಿಯಾರ ಬರೀರಿ ಅಂದ್ರು. ಹನ್ನೊಂದು ಹತ್ತು ತೋರಿಸಿ ಅಂದ್ರು. ಪೆನ್ಸಿಲ್ ಯಾರು ಕೊಟ್ಟಿದ್ದು?"

"ನಾನೇ."

"ನನ್ನ ಕೈ ನಡುಗ್ತಿತ್ತು."

ಅದು ಪ್ರಶ್ನೆಯಲ್ಲ. ಅವತ್ತು ಆ ಕೋಣೆಯಲ್ಲಿ ಅವಳು ತಿಂಗಳುಗಳನ್ನು ಹಿಂದಿನಿಂದ ಹೇಳಿದ್ದಳು, ನೂರರಿಂದ ಏಳೇಳು ಕಳೆದಿದ್ದಳು, ಪರೀಕ್ಷೆಯ ಹುಡುಗಿಯ ಹಾಗೆ ಪ್ರತಿ ಉತ್ತರದ ನಂತರ ಡಾಕ್ಟರ ಮುಖ ನೋಡಿದ್ದಳು. ಎಲ್ಲವೂ ಸರಿಯಿತ್ತು. ಆದರೂ ಡಾಕ್ಟರು, ಈಗ ಸರಿಯಿದೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದಿದ್ದರು. ಆ ಆರು ತಿಂಗಳನ್ನು ಅವಳು ಹೇಗೆ ಕಳೆದಳು ಎಂಬುದನ್ನು ಅವನು ಪಕ್ಕದ ಬೀದಿಯಿಂದ ನೋಡಿದ್ದ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಮೂರು ಸಲ ವಾಪಸ್ ಹೋಗುತ್ತಿದ್ದಳು. ಅಂಗೈಯಲ್ಲಿ ಪೆನ್ನಿನಿಂದ ಪಾಠದ ಪುಟ ಬರೆದುಕೊಳ್ಳುತ್ತಿದ್ದಳು.

ಹೇಳಲು ಇನ್ನೊಂದು ಉಳಿದಿತ್ತು. ಅರ್ಧ ಕಕ್ಕಿ ಅರ್ಧ ನುಂಗುವುದು ಅವನಿಂದ ಆಗಲಿಲ್ಲ.

"ದಿಕ್ಸೂಚಿ ಅಂತ ಹೆಸರಿಟ್ಟಿದ್ದೂ ನಾನೇ ಅಕ್ಕ. ಕಟಿಂಗ್ ಶಾಪಲ್ಲಿ. ಅವರೆಲ್ಲ ಗುರುತಿನ ವಿಷಯ ಎತ್ತಿದ್ರು, ಕಂಬ ಸರಿಯಿತ್ತಾ ಅಂತ. ನಗಿಸಿಬಿಟ್ರೆ ಆ ಮಾತು ನಿಲ್ಲುತ್ತೆ ಅಂತ..."

"ಅದನ್ನ ನಾನು ನಿನ್ನ ಕೇಳಿರಲಿಲ್ಲ," ಎಂದಳು ಅಕ್ಕ.

ಬ್ಯಾಗಿನ ಜಿಪ್ ಎಳೆದು, ಹೆಗಲಿಗೇರಿಸಿಕೊಂಡು, ಅವಳು ಮುಂದೆ ನಡೆದಳು. ಉಳಿದ ಕಂಬಗಳನ್ನು ಮುಟ್ಟಲಿಲ್ಲ. ಬಯಲಿನ ಆ ತುದಿಯಲ್ಲಿ ನಲವತ್ತನೆಯ ಮರದ ಬಳಿ ಒಂದು ಕ್ಷಣ ನಿಂತು ಹಿಂದೆ ತಿರುಗಿ ಇಡೀ ಹುಲ್ಲುಗಾವಲನ್ನು ನೋಡಿದಳು. ಅವನನ್ನಲ್ಲ.

ಇಳಿಜಾರಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಮಾತಿನ ಮಲ್ಲಿ ಎಂದು ಅಪ್ಪ ಕರೆಯುತ್ತಿದ್ದ ಅಕ್ಕ. ಬಯ್ದಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಅತ್ತಿದ್ದರೆ ಕಾಲು ಹಿಡಿಯುತ್ತಿದ್ದ. ಅವಳು ಎರಡಕ್ಕೂ ಅವಕಾಶ ಕೊಡಲಿಲ್ಲ. ಜಾರುವ ಜಾಗದಲ್ಲಿ ಅವನು ಓಡಿ ಮುಂದೆ ಹೋಗಿ ಕೈ ಚಾಚಿದ. ಅವಳು ಪಕ್ಕದ ಗಿಡ ಹಿಡಿದು ಇಳಿದಳು. ಹೆಜ್ಜೆ ಮಾತ್ರ ಬದಲಾಗಿತ್ತು. ಕುಂಟು ಇತ್ತು, ಅಂಜಿಕೆ ಇರಲಿಲ್ಲ. ಕಾಲಿಡುವ ಮುಂಚೆ ಎರಡೆರಡು ಸಲ ನೋಡುವುದನ್ನು ಅವಳು ಬಿಟ್ಟಿದ್ದಳು. ಅದನ್ನು ಕಂಡು ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಒಂದೇ ಒಂದು ಮಾತಿಗೆ ಮರಳಿ ಬರುವಂಥ ಧೈರ್ಯವನ್ನು ವರ್ಷವಿಡೀ ತಡೆದು ಹಿಡಿದಿದ್ದೆನಲ್ಲ ಎಂದು ಕಿವಿಯ ತುದಿಯವರೆಗೂ ಬಿಸಿಯೇರಿತು.

ಗೇಟಿನಲ್ಲಿ ಕಾವಲುಗಾರ ಬ್ರೆಡ್ಡು ತಿನ್ನುತ್ತಿದ್ದ. ಸೌದೆ ಹೊತ್ತ ಇಬ್ಬರು ಹೆಂಗಸರು ಅವನ ಜೊತೆ ಹರಟುತ್ತಿದ್ದರು. "ಬಂದ್ರಾ ಮೇಡಂ? ಎಲ್ಲಾ ಗುರುತೂ ಸಿಕ್ತಾ?" ಎಂದ.

"ಸಿಕ್ತು. ನಿಮ್ಮ ಹೋದ ವರ್ಷದ ಷರಾ ತಪ್ಪಿದೆ. ಇವನು ಸರಿಮಾಡ್ತಾನೆ."

ಅವಳೇ ಪುಟ ತಿರುವಿ, ಆ ಸಾಲಿನ ಮೇಲೆ ಬೆರಳಿಟ್ಟು, ಪೆನ್ನನ್ನು ತಮ್ಮನ ಕಡೆ ಚಾಚಿದಳು. ಪೇಂಟರ್ 'ದಾರಿ ತಪ್ಪಿದರು' ಎಂಬುದರ ಮೇಲೆ ಗೆರೆ ಎಳೆದ. ಕೆಳಗೆ ಬರೆದ: 'ಬಯಲಿನಲ್ಲಿ 28ರಿಂದ 39ರವರೆಗೆ ಕಂಬ ಇರಲಿಲ್ಲ. ನಾನು ನೆಟ್ಟಿರಲಿಲ್ಲ. ಇವರು ಬಿದ್ದ ಮೇಲೆ ನೆಟ್ಟು, ಹಳೆಯದಾಗಿ ಕಾಣುವಂತೆ ಬಣ್ಣ ಬಳಿದೆ.' ಅಂಕಣ ಕಿರಿದು. ಅಕ್ಷರಗಳು ಗೆರೆ ದಾಟಿ ಮುಂದಿನವರ ಸಾಲಿಗೆ ನುಗ್ಗಿದವು. ಏಣಿಯ ತುದಿಯಲ್ಲಿ ನಿಂತು ಬರೆದರೂ ಅಲುಗದ ಕೈ, ತನ್ನ ಹೆಸರಿನ ಹತ್ತಿರ ಬಂದಾಗ ಎರಡು ಕಡೆ ಕೊಂಕಿತು.

ಕಾವಲುಗಾರ ಕನ್ನಡಕ ಹಾಕಿಕೊಂಡು ಓದಿದ. ಸೌದೆಯ ಹೆಂಗಸರಲ್ಲೊಬ್ಬಳು ಏನಂತೆ ಎಂದು ಕೇಳಿದಳು. ಅವನು ಅವರಿಗೂ ಕೇಳುವಂತೆ, ಪದ ಪದ ಬಿಡಿಸಿ ಮತ್ತೊಮ್ಮೆ ಓದಿದ. ಮುಗಿಯುವವರೆಗೆ ಪೇಂಟರ್ ಅಲ್ಲೇ ನಿಂತಿದ್ದ.

"ಇದನ್ನ ಕಚೇರಿಯವರು ನೋಡ್ತಾರೆ ಕಣ್ರೀ," ಎಂದ ಕಾವಲುಗಾರ, ತಗ್ಗಿದ ದನಿಯಲ್ಲಿ.

"ಗೊತ್ತು," ಎಂದ ಪೇಂಟರ್.

ಅಕ್ಕ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು ಇವತ್ತಿನ ಪುಟಕ್ಕೆ ಬಂದಳು. ಬೆಳಿಗ್ಗೆ ಅವಳೇ ಬರೆದ ಎರಡು ಹೆಸರು ಒಂದರ ಕೆಳಗೊಂದು ಇದ್ದವು. ಗಡಿಯಾರ ನೋಡಿ, ತನ್ನ ಹೆಸರಿನ ಮುಂದೆ ಹೊರಗೆ ಬಂದ ಸಮಯ ಬರೆದಳು. ಎರಡು ನಲವತ್ತು. ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಪುಸ್ತಕದ ಮಧ್ಯೆ ಇಟ್ಟು, ಬಸ್ ನಿಲ್ದಾಣದ ಕಡೆ ನಡೆದಳು. ಕೆಳಗಿನ ಸಾಲು ಖಾಲಿ ಇತ್ತು. ಪೇಂಟರ್ ಮುಚ್ಚಳ ತೆಗೆದು, ತನ್ನ ಸಮಯವನ್ನು ತಾನೇ ಬರೆದುಕೊಂಡ.